ಅರ್ಥ ಹಚ್ಚುವ ಚಟ

‘ಕಂಪ್ಯೂಟರ್’ ಎಂಬ ಶಬ್ದದ ಫುಲ್ ಫಾರ್ಮ್ ಏನು ಎಂದು ಕೇಳಿದರೆ ನಮ್ಮ ದೇಶದಲ್ಲಿ ಅದಕ್ಕೂ ಉತ್ತರ ಸಿಗುತ್ತದೆ. ‘ಕಾಮನ್ಲಿ ಆಪರೇಟೆಡ್ ಮಷೀನ್’ ಎಂದು ಶುರುವಾಗಿ ‘ರಿಸರ್ಚ್’ ಎಂದು ಮುಗಿಯುವ ಆ ಉದ್ದದ ಸಾಲು ಸಾಮಾನ್ಯಜ್ಞಾನದ ಗೈಡುಗಳಲ್ಲಿ ಅಚ್ಚಾಗಿರುವುದನ್ನು ನಾನು ಕಂಡಿದ್ದೇನೆ, ಮಕ್ಕಳು ಉರು ಹೊಡೆಯುವುದನ್ನೂ ಕೇಳಿದ್ದೇನೆ. ಅಸಲಿಗೆ ಲೆಕ್ಕ ಹಾಕು ಎಂಬ ಅರ್ಥದ ಒಂದು ಕ್ರಿಯಾಪದಕ್ಕೆ ಪ್ರತ್ಯಯ ಸೇರಿ ಆದ ಪದ ಅದು. ಯಂತ್ರ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲೇ, 17ನೆಯ ಶತಮಾನದಲ್ಲಿ, ಲೆಕ್ಕ ಹಾಕುವ ಮನುಷ್ಯನನ್ನೇ ಇಂಗ್ಲಿಷರು ಹಾಗೆ ಕರೆಯುತ್ತಿದ್ದರು. ‘ನ್ಯೂಸ್’ ಎಂಬುದರಲ್ಲಿ ನಾಲ್ಕು ದಿಕ್ಕುಗಳ ಮೊದಲಕ್ಷರಗಳಿವೆ ಎಂದು ನನಗೆ ಹೇಳಿಕೊಟ್ಟ ಮೇಷ್ಟರೂ ಇದ್ದರು. ಇನ್ನು ಪ್ರತಿ ಆಗಸ್ಟ್ ತಿಂಗಳಲ್ಲಿ ನನ್ನ ಮೊಬೈಲಿಗೆ ತಪ್ಪದೆ ಬರುವ ಒಂದು ಸಂದೇಶವಿದೆ: ‘ಇಂಡಿಯಾ’ ಎಂದರೆ ‘ಇಂಡಿಪೆಂಡೆಂಟ್ ನೇಷನ್ ಡಿಕ್ಲೇರ್ಡ್ ಇನ್ ಆಗಸ್ಟ್’ ಅಂತೆ. ಸಿಂಧೂ ನದಿಯಿಂದ ಆ ಹೆಸರು ಕಟ್ಟಿಕೊಂಡ ಕ್ರಿಸ್ತಪೂರ್ವದ ಗ್ರೀಕರಿಗೆ 1947ರ ಆಗಸ್ಟ್ ಮೊದಲೇ ಗೊತ್ತಿತ್ತು ಎನ್ನಬೇಕು.

ಇವೆಲ್ಲ ನಿರುಪದ್ರವಿ ಸುಳ್ಳುಗಳು. ಯಾರ ಗಂಟೂ ಹೋಗುವುದಿಲ್ಲ. ಆದರೆ ಈಚೆಗೆ ನಮ್ಮ ಈ ಫುಲ್ ಫಾರ್ಮಿನ ಹಸಿವು ಮಕ್ಕಳ ಮೊಬೈಲ್ ಮಾತಿನ ಮೇಲೆ ತಿರುಗಿದೆ. ಹುಡುಗರು ಆಡುವ, ಟೈಪು ಮಾಡುವ ಪ್ರತಿಯೊಂದು ಅಡ್ಡಮಾತಿಗೂ ಒಂದು ಗುಪ್ತಾರ್ಥ ಇರಲೇಬೇಕು ಎಂಬ ನಂಬಿಕೆಯಿಂದ ಹಿರಿಯರು ಅರ್ಥಗಳನ್ನು ಹುಟ್ಟಿಸತೊಡಗಿದ್ದಾರೆ. ಈ ಬಗ್ಗೆ ನನಗೆ ಒಂದಿಷ್ಟು ತಕರಾರಿದೆ.

2025ರಲ್ಲಿ ಜಗತ್ತಿನ ಅರ್ಧದಷ್ಟು ಮೇಷ್ಟರುಗಳ ತಲೆ ತಿಂದ ‘ಸಿಕ್ಸ್ ಸೆವೆನ್’ ಎಂಬುದನ್ನೇ ತೆಗೆದುಕೊಳ್ಳಿ. ಆರು, ಏಳು. ಅಷ್ಟೆ. ಎರಡೂ ಅಂಗೈ ಮೇಲೆ ಮಾಡಿ, ತಕ್ಕಡಿಯ ತಟ್ಟೆಗಳ ಹಾಗೆ ಮೇಲೆ ಕೆಳಗೆ ಆಡಿಸುತ್ತ ಹುಡುಗರು ಅದನ್ನು ಕೂಗುತ್ತಾರೆ. ಅಮೆರಿಕದ ಫಿಲಡೆಲ್ಫಿಯಾದ ಸ್ಕ್ರಿಲ್ಲಾ ಎಂಬ ಗಾಯಕನ ಒಂದು ರ‍್ಯಾಪ್ ಹಾಡಿನಲ್ಲಿ ಅದು ಬರುತ್ತದೆ. 2024ರ ಕೊನೆಗೆ ಆ ಹಾಡು ಹೊರಬಿತ್ತು. ಆರು ಅಡಿ ಏಳು ಅಂಗುಲ ಎತ್ತರದ ಲಮೆಲೊ ಬಾಲ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನ ವಿಡಿಯೊಗಳಿಗೆ ಯಾರೋ ಅದನ್ನು ಜೋಡಿಸಿದರು. ಅಲ್ಲಿಂದ ಅದು ಶಾಲೆಗಳಿಗೆ ನುಗ್ಗಿತು. ಹಿರಿಯರು ಕೂಡಲೆ ಸಂಶೋಧನೆಗೆ ಇಳಿದರು. ಅದು ಒಂದು ಬೀದಿಯ ನಂಬರು ಎಂದರು ಕೆಲವರು. ಸಾವಿನ ಸುದ್ದಿ ತಿಳಿಸಲು ಪೊಲೀಸರು ವೈರ್‌ಲೆಸ್ಸಿನಲ್ಲಿ ಬಳಸುವ ಸಂಕೇತ ಎಂದರು ಇನ್ನು ಕೆಲವರು. ಕೈ ಆಡಿಸುವ ರೀತಿ ನೋಡಿ ‘ಹಾಗೂ ಸೈ, ಹೀಗೂ ಸೈ’ ಎಂದು ಅರ್ಥ ಕಟ್ಟಿದವರೂ ಉಂಟು. ಹಾಡಿದವನನ್ನು ಕೇಳಿದರೆ ಅವನು, ತಾನು ಅದಕ್ಕೆ ಅರ್ಥವನ್ನೇ ಇಟ್ಟಿಲ್ಲ, ಇಡುವ ಮನಸ್ಸೂ ಇಲ್ಲ ಎಂದುಬಿಟ್ಟ. ಕೊನೆಗೆ ಡಿಕ್ಷನರಿ ಡಾಟ್ ಕಾಮ್ ಎಂಬ ನಿಘಂಟಿನವರು ಅದನ್ನೇ 2025ರ ವರ್ಷದ ಪದವೆಂದು ಸಾರಿದರು. ಅರ್ಥ ಹೇಳುವುದೇ ಕಸುಬಾದವರು ಅರ್ಥ ಹೇಳಲಾಗದ ಪದಕ್ಕೆ ಹಾರ ಹಾಕಿದ ಆ ದಿನ ನನಗೆ ಬಹಳ ಖುಷಿಯಾಯಿತು.

ನನ್ನ ಮಗಳ ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ಅವಳೂ ಕೈ ಆಡಿಸುತ್ತ ಬಂದಳು.

‘ಹಾಗಂದ್ರೆ ಏನೇ?’

‘ಏನೂ ಇಲ್ಲ ತಾತ.’

‘ಏನೂ ಇಲ್ಲದೆ ಯಾಕೆ ಹೇಳ್ತೀಯ?’

‘ಎಲ್ಲರೂ ಹೇಳ್ತಾರಲ್ಲ.’

ಅವಳ ಉತ್ತರದಲ್ಲಿ ನನಗೆ ಕೊರತೆಯೇನೂ ಕಾಣಲಿಲ್ಲ. ನಾವು ಚಿಕ್ಕವರಿದ್ದಾಗ ‘ಅವಲಕ್ಕಿ ಪವಲಕ್ಕಿ’ ಎಂದು ಕೈ ಹರಡಿ ಕೂತು ಆಡುತ್ತಿದ್ದೆವಲ್ಲ, ಅವಲಕ್ಕಿ ಸರಿ, ಪವಲಕ್ಕಿ ಎಂದರೆ ಯಾವ ಅಂಗಡಿಯ ಸಾಮಾನು ಎಂದು ಯಾರಾದರೂ ಕೇಳಿದರೆ? ಊಟಗೀಟ ಆಯಿತೆ ಎಂದು ದಿನಕ್ಕೆ ಹತ್ತು ಸಲ ಕೇಳುವ ನಾವು ಗೀಟ ಎಂದರೇನೆಂದು ಒಂದು ದಿನವೂ ಚಿಂತಿಸಿದವರಲ್ಲ. ಆದರೆ ‘ಊಟ ಆಯಿತೆ’ ಎನ್ನುವುದಕ್ಕೂ ‘ಊಟಗೀಟ ಆಯಿತೆ’ ಎನ್ನುವುದಕ್ಕೂ ವ್ಯತ್ಯಾಸವಿದೆ ಎಂದು ಕನ್ನಡ ಬಲ್ಲವರಿಗೆಲ್ಲ ಗೊತ್ತು. ಅರ್ಥವಿಲ್ಲದ ಆ ಗೀಟವೇ ಮಾತಿಗೆ ಸಲಿಗೆಯನ್ನು ತರುತ್ತದೆ. ಹುಡುಗರ ಆರು-ಏಳು ಕೂಡ ಇದೇ ಜಾತಿಯದು. ಅದು ಹೇಳುವುದು ಇಷ್ಟೇ: ನಾವು ನಾವು, ನೀವು ಬೇರೆ.

ಇಂಥದ್ದು ಇವತ್ತಿನ ಸಂಗತಿಯೂ ಅಲ್ಲ. ಲೋಕದಲ್ಲಿ ಅತಿ ಹೆಚ್ಚು ಜನರ ಬಾಯಲ್ಲಿರುವ ‘ಓಕೆ’ಯ ಚರಿತ್ರೆ ನೋಡಿ. 1830ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಯವರಿಗೆ ಒಂದು ಹುಡುಗಾಟ ಹತ್ತಿತ್ತು. ಬೇಕೆಂದೇ ಕಾಗುಣಿತ ಕೆಡಿಸಿ, ಆ ಕೆಟ್ಟ ಕಾಗುಣಿತದ ಮೊದಲಕ್ಷರಗಳನ್ನು ಬರೆಯುವುದು. ‘ಆಲ್ ಕರೆಕ್ಟ್’ ಎಂಬುದನ್ನು ‘ಓ’ ಮತ್ತು ‘ಕೆ’ ಅಕ್ಷರಗಳಿಂದ ತಪ್ಪಾಗಿ ಬರೆದು ‘ಓಕೆ’ ಮಾಡಿದರು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ಅದು ಅಚ್ಚಾಯಿತು. ಆ ಕಾಲದ ಇಂಥ ಹತ್ತಾರು ಅಡ್ಡಮಾತುಗಳು ಸತ್ತುಹೋದವು, ಇದೊಂದು ಮಾತ್ರ ಬದುಕಿತು. ಮುಂದಿನ ವರ್ಷವೇ ಅಧ್ಯಕ್ಷ ಚುನಾವಣೆಯಲ್ಲಿ ವ್ಯಾನ್ ಬ್ಯೂರನ್ ಪಕ್ಷದವರು ಅದಕ್ಕೆ ಹೊಸ ಅರ್ಥ ಹಚ್ಚಿದರು: ‘ಓಲ್ಡ್ ಕಿಂಡರ್‌ಹುಕ್’, ಅಂದರೆ ತಮ್ಮ ನಾಯಕನ ಊರಿನ ಹೆಸರು. ಆಮೇಲೆ ಅದು ಅಲ್ಲಿನ ಮೂಲನಿವಾಸಿಗಳ ಚಾಕ್ಟಾ ಭಾಷೆಯದು ಎಂದು ವಾದಿಸಿದವರು ಬಂದರು. ಆಲನ್ ವಾಕರ್ ರೀಡ್ ಎಂಬ ವಿದ್ವಾಂಸ ಹಳೆಯ ಪತ್ರಿಕೆಗಳ ಧೂಳು ಝಾಡಿಸಿ 1960ರ ದಶಕದಲ್ಲಿ ನಿಜಸಂಗತಿಯನ್ನು ಹೊರಗೆ ಹಾಕುವವರೆಗೆ ಈ ಜಗಳ ನಡೆದೇ ಇತ್ತು. ನಿಜ ಹೊರಬಿದ್ದರೂ ಜಗಳ ನಿಂತಿಲ್ಲ. ನಿಜ ಅಷ್ಟು ಬಡಕಲಾಗಿದ್ದರೆ ಜನ ಒಪ್ಪುವುದಾದರೂ ಹೇಗೆ? ಇಷ್ಟು ದೊಡ್ಡ ಪದದ ಹಿಂದೆ ಬರೀ ತಮಾಷೆ ಇದೆಯೆಂದರೆ ಮೋಸ ಹೋದಂತೆ ಅನಿಸುತ್ತದೆ.

ಮುಳುಗುವ ಹಡಗಿನ ‘ಎಸ್‌ಒಎಸ್’ ಕರೆಯದೂ ಇದೇ ಕಥೆ. ಮೂರು ಚುಕ್ಕಿ, ಮೂರು ಗೆರೆ, ಮತ್ತೆ ಮೂರು ಚುಕ್ಕಿ. ತಂತಿಯಲ್ಲಿ ತಪ್ಪದೆ ಗುರುತು ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ 1906ರ ಬರ್ಲಿನ್ ಒಪ್ಪಂದದಲ್ಲಿ ಅದನ್ನು ಆಯ್ದುಕೊಂಡರು. ‘ನಮ್ಮ ಜೀವ ಉಳಿಸಿ’ ಎಂಬ ಅರ್ಥವನ್ನು ಜನ ಆಮೇಲೆ ತುಂಬಿದರು. ಈ ಸುಳ್ಳಿನ ಬಗ್ಗೆ ನನಗೆ ಗೌರವವಿದೆ. ಮುಳುಗುವವನ ಬಾಯಲ್ಲಿ ಇರಬೇಕಾದ ಮಾತನ್ನೇ ಜನ ಇಟ್ಟಿದ್ದಾರೆ.

‘ಲಾಲ್’ ಎಂದು ಹುಡುಗರು ಉಚ್ಚರಿಸುವ ‘ಎಲ್‌ಒಎಲ್’ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಜೋರಾಗಿ ನಗುತ್ತಿದ್ದೇನೆ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಇವು, 1980ರ ದಶಕದಲ್ಲಿ ಕಂಪ್ಯೂಟರ್ ಹರಟೆಯಲ್ಲಿ ಹುಟ್ಟಿದ್ದು. 2011ರಲ್ಲಿ ಆಕ್ಸ್‌ಫರ್ಡ್ ನಿಘಂಟಿನೊಳಗೆ ಬಂತು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರನ್ ಅದನ್ನು ‘ಬಹಳ ಪ್ರೀತಿ’ ಎಂದು ತಿಳಿದು ತಮ್ಮ ಸಂದೇಶಗಳ ಕೊನೆಗೆ ಹಾಕುತ್ತಿದ್ದರೆಂಬ ಸಂಗತಿ 2012ರಲ್ಲಿ ಲೆವೆಸನ್ ವಿಚಾರಣೆಯ ಮುಂದೆ ಸಾಕ್ಷ್ಯದಲ್ಲೇ ಬಂದು ಲೋಕವೆಲ್ಲ ನಕ್ಕಿತು. ಆದರೆ ನಕ್ಕವರು ಒಂದನ್ನು ಮರೆತರು. ಆ ಸಂದೇಶ ತಲುಪಿದವರಿಗೆ ಕ್ಯಾಮರನ್ನರ ಇಂಗಿತ ಬಹುಮಟ್ಟಿಗೆ ತಲುಪಿಯೇ ಇತ್ತು. ಏಕೆಂದರೆ ಆ ಮೂರಕ್ಷರ ಹಾಕುವವರು ಈಗ ಯಾರೂ ಜೋರಾಗಿ ನಗುತ್ತಿರುವುದಿಲ್ಲ, ತುಟಿಯೂ ಬಿಚ್ಚಿರುವುದಿಲ್ಲ. ಅಮೆರಿಕದ ಭಾಷಾವಿಜ್ಞಾನಿ ಜಾನ್ ಮೆಕ್‌ವರ್ಟರ್ 2013ರ ಒಂದು ಉಪನ್ಯಾಸದಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು: ಅದು ನಗೆಯ ಗುರುತಾಗಿ ಉಳಿದಿಲ್ಲ, ‘ನೀನೂ ನಾನೂ ಒಂದೇ, ಬೇಸರ ಪಡಬೇಡ’ ಎಂಬ ಹೊಂದಾಣಿಕೆಯ ಅವ್ಯಯವಾಗಿದೆ ಎಂದು.

ಇಂಗ್ಲಿಷಿನವರಿಗೆ ಇದು ಆಶ್ಚರ್ಯವಾಗಿ ಕಂಡಿತು. ಕನ್ನಡದವರಿಗೆ ಆಗಬೇಕಿಲ್ಲ. ‘ಬರ್ತೀನಿ ಕಣೋ’ ಎನ್ನುತ್ತೇವೆ. ಆ ‘ಕಣೋ’ ಹಿಂದೊಮ್ಮೆ ‘ಕಾಣ್’ ಎಂಬ ಧಾತುವಾಗಿತ್ತು, ‘ನೋಡು’ ಎಂದು ಅದರ ಅರ್ಥ. ಈಗ ಅದರಲ್ಲಿ ಯಾವ ನೋಟವೂ ಉಳಿದಿಲ್ಲ. ಕುರುಡನಿಗೂ ಕಣೋ ಎನ್ನಬಹುದು, ಟೆಲಿಫೋನಿನಲ್ಲೂ ಎನ್ನಬಹುದು. ಕರಾವಳಿ ಮಲೆನಾಡುಗಳ ‘ಮಾರಾಯ’ನೂ ಹಾಗೆಯೇ. ಮಹಾರಾಯನಿಂದ ಬಂದವನು, ಆದರೆ ‘ಎಂಥ ಮಳೆ ಮಾರಾಯ’ ಎನ್ನುವಾಗ ಯಾರ ತಲೆಯ ಮೇಲೂ ಕಿರೀಟ ಇರುವುದಿಲ್ಲ. ಪರದೇಶದವನೊಬ್ಬ ನಿಘಂಟು ಹಿಡಿದುಕೊಂಡು ಬಂದು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಅಲ್ಲಿ ಬರೀ ರಾಜರೇ ಓಡಾಡುತ್ತಿದ್ದಾರೆಂದು ವರದಿ ಬರೆದಾನು. ‘ಸಖತ್’ ಎಂಬುದು ಪಾರಸಿಯಲ್ಲಿ ಗಟ್ಟಿ, ಕಠಿಣ ಎಂಬ ಅರ್ಥದ ಪದ. ನಮ್ಮ ಹುಡುಗರ ಬಾಯಲ್ಲಿ ದೋಸೆಯೂ ಸಖತ್, ಸಿನಿಮಾವೂ ಸಖತ್. ಚಿಂದಿ ಎಂದರೆ ಹರಕು ಬಟ್ಟೆ; ಒಳ್ಳೆಯ ಬ್ಯಾಟಿಂಗಿಗೂ ಈಗ ಚಿಂದಿ ಎನ್ನುತ್ತಾರೆ. ಇವಕ್ಕೆಲ್ಲ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ.

ಪದಕ್ಕೆ ಮೂಲ ಹುಡುಕುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮದು ಯಾಸ್ಕನ ನಾಡು. ನಾಮಪದಗಳೆಲ್ಲ ಧಾತುಗಳಿಂದಲೇ ಹುಟ್ಟಿದವು ಎಂದ ಶಾಕಟಾಯನನ ಪಕ್ಷ ಹಿಡಿದು, ಯಾವ ಪದವನ್ನೂ ನಿರ್ವಚನ ಮಾಡದೆ ಬಿಡಕೂಡದು, ಬೇರೇನೂ ಸಿಗದಿದ್ದರೆ ಅಕ್ಷರದ ಹೋಲಿಕೆಯಿಂದಲಾದರೂ ಅರ್ಥ ಹೇಳಬೇಕು ಎಂದು ವಿಧಿಸಿದವನು ಅವನು. ವೇದದ ಪದ ಅರ್ಥವಿಲ್ಲದೆ ನಿಂತರೆ ಅವನಿಗೆ ನಷ್ಟವಿತ್ತು, ಆದ್ದರಿಂದ ಆ ಹಟಕ್ಕೆ ಕಾರಣವಿತ್ತು. ಆದರೆ ಅದೇ ‘ನಿರುಕ್ತ’ದಲ್ಲಿ ಗಾರ್ಗ್ಯನ ಆಕ್ಷೇಪವೂ ದಾಖಲಾಗಿದೆಯಲ್ಲ, ಅದು ನನಗೆ ಹೆಚ್ಚು ಪ್ರಿಯ. ದಾರಿಯನ್ನು ಕ್ರಮಿಸುವುದರಿಂದ ಕುದುರೆಗೆ ಅಶ್ವವೆಂದು ಹೆಸರಾದರೆ, ದಾರಿ ಕ್ರಮಿಸುವ ಎಲ್ಲವನ್ನೂ ಅಶ್ವವೆಂದೇ ಕರೆಯಬೇಕಲ್ಲ ಎಂದು ಅವನು ಕೇಳುತ್ತಾನೆ. ಕ್ಲಾಸಿನ ಹಿಂದಿನ ಬೆಂಚಿನಿಂದ ಎದ್ದ ಪ್ರಶ್ನೆಯ ಹಾಗಿದೆ.

ಕನ್ನಡದಲ್ಲಿ ಪಾ.ವೆಂ. ಆಚಾರ್ಯರು ‘ಪದಾರ್ಥ ಚಿಂತಾಮಣಿ’ಯಲ್ಲಿ ಈ ಕೆಲಸವನ್ನು ರಸವತ್ತಾಗಿ ಮಾಡಿದರು. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ 1991ರಿಂದ ನಡೆಸಿದ ‘ಇಗೋ ಕನ್ನಡ’ ಅಂಕಣದಲ್ಲಿ ಊರೂರಿನ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದರು. 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಹಿರಿಯರಿಂದ ನಾನು ಕಲಿತದ್ದು, ಪದದ ಅರ್ಥ ಹೇಳುವ ಮೊದಲು ಅದು ಎಲ್ಲೆಲ್ಲಿ ಬಳಕೆಯಾಗಿದೆ ಎಂದು ನೋಡಬೇಕೆಂಬುದನ್ನು. ಬಳಕೆ ನೋಡದೆ ಕಥೆ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜಧಾನಿಯೇ ಸಾಕ್ಷಿ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಎನ್ನುವ ಕಥೆಯನ್ನು ನಾವೆಲ್ಲ ಓದಿದ್ದೇವೆ. ಆದರೆ ಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಹಿಂದೆ, ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತು ಕೊರೆದು ಕೂತಿದೆ. ಕಲ್ಲಿನ ಮಾತು ಕಲ್ಲಿನಲ್ಲೇ ಉಳಿಯಿತು, ಕಾಳಿನ ಕಥೆ ಮಾತ್ರ ಈಗಲೂ ಬೇಯುತ್ತಿದೆ. ಬೇಯಲಿ. ಹಸಿದ ರಾಜ, ಅನ್ನವಿಲ್ಲದ ಮುದುಕಿ, ಇದ್ದದ್ದನ್ನು ಹಂಚಿಕೊಂಡದ್ದು: ಊರಿನ ಹುಟ್ಟಿಗೆ ಇದಕ್ಕಿಂತ ಒಳ್ಳೆಯ ಸುಳ್ಳು ಸಿಗಲಾರದು.

ಹೀಗೆ ಪ್ರೀತಿಯಿಂದಲೋ ತಮಾಷೆಯಿಂದಲೋ ಹಚ್ಚಿದ ಅರ್ಥಗಳ ಬಗ್ಗೆ ನನ್ನ ತಕರಾರಿಲ್ಲ. ಅನುಮಾನದಿಂದ ಹಚ್ಚಿದ ಅರ್ಥಗಳನ್ನು ಕಂಡರೆ ಭಯವಾಗುತ್ತದೆ. 2025ರ ಮಾರ್ಚಿನಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ ‘ಅಡೋಲೆಸೆನ್ಸ್’ ಎಂಬ ನಾಲ್ಕು ಕಂತುಗಳ ಬ್ರಿಟಿಷ್ ಧಾರಾವಾಹಿಯನ್ನು ಕೆಲವರಾದರೂ ನೋಡಿರಬಹುದು. ಹದಿಮೂರರ ಹುಡುಗನೊಬ್ಬ ಸಹಪಾಠಿ ಹುಡುಗಿಯನ್ನು ಕೊಂದ ಆರೋಪದ ಕಥೆ. ಅದರಲ್ಲಿ ತನಿಖೆ ಮಾಡುವ ಪೊಲೀಸ್ ಅಧಿಕಾರಿ ಆ ಹುಡುಗಿ ಹಾಕಿದ ಎಮೋಜಿಗಳನ್ನು ನೋಡಿ, ಇಬ್ಬರೂ ಸ್ನೇಹಿತರು ಎಂದುಕೊಂಡಿರುತ್ತಾನೆ. ಅದೇ ಶಾಲೆಯಲ್ಲಿ ಓದುವ ಅವನ ಮಗ ಅಪ್ಪನ ಪೇಚಾಟ ನೋಡಲಾರದೆ ಪಕ್ಕಕ್ಕೆ ಕರೆದು, ಅದು ಸ್ನೇಹವಲ್ಲ, ಗೇಲಿ ಎಂದು ತಿಳಿಸುತ್ತಾನೆ. ಇಡೀ ಧಾರಾವಾಹಿಯಲ್ಲಿ ನನಗೆ ಬಹಳ ಹಿಡಿಸಿದ ದೃಶ್ಯ ಅದು. ಅಪ್ಪನೂ ಮಗನೂ ಸರಿಯಾಗಿ ಮಾತಾಡುವುದೇ ಅಪರೂಪ. ಮಾತಿನ ಅರ್ಥ ಹೇಳುವ ನೆಪದಲ್ಲಿ ಇಬ್ಬರೂ ಎದುರುಬದುರು ಕೂರುತ್ತಾರೆ. ಆದರೆ ಧಾರಾವಾಹಿ ಮುಗಿದ ಮೇಲೆ ಊರಿಗೆಲ್ಲ ಹಬ್ಬಿದ್ದು ಆ ಕೂರುವಿಕೆಯಲ್ಲ, ಪಟ್ಟಿ. ಈ ಬಣ್ಣದ ಹೃದಯಕ್ಕೆ ಈ ಅರ್ಥ, ಈ ಚಿತ್ರಕ್ಕೆ ಈ ಅಪಾಯ ಎಂಬ ‘ಪೋಷಕರೇ ಎಚ್ಚರ’ ಪಟ್ಟಿಗಳು. ಮಗನನ್ನು ಕೇಳುವುದರ ಬದಲಿಗೆ ನೋಡಿಕೊಳ್ಳಲು ಒಂದು ಕೋಷ್ಟಕ ಸಿಕ್ಕಂತಾಯಿತು. ಕಥೆ ಹೇಳಿದ್ದಕ್ಕೆ ನೇರ ವಿರುದ್ಧವಾದದ್ದನ್ನು ನೋಡಿದವರು ಕಲಿತರು.

ಎಮೋಜಿ ಎಂಬ ಹೆಸರಿಗೇ ಒಂದು ಹಚ್ಚಿದ ಅರ್ಥ ಅಂಟಿಕೊಂಡಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನ ‘ಎಮೋಷನ್’ನಿಂದ ಬಂದದ್ದೆಂದು ಬಹಳ ಜನ ತಿಳಿದಿದ್ದಾರೆ. ಅದು ಜಪಾನೀ ಪದ. ‘ಎ’ ಎಂದರೆ ಚಿತ್ರ, ‘ಮೊಜಿ’ ಎಂದರೆ ಅಕ್ಷರ. ಹೋಲಿಕೆ ಬರೀ ಆಕಸ್ಮಿಕ. ಕೈಮುಗಿದ ಚಿತ್ರವನ್ನು ನಾವು ನಮಸ್ಕಾರ ಎನ್ನುತ್ತೇವೆ, ಜಪಾನಿನವರು ದಯವಿಟ್ಟು ಅಥವಾ ಧನ್ಯವಾದ ಎನ್ನುತ್ತಾರೆ, ಇಬ್ಬರು ಅಂಗೈಗೆ ಅಂಗೈ ತಟ್ಟುವುದು ಎಂದು ನೋಡಿದ ಅಮೆರಿಕನ್ನರೂ ಇದ್ದಾರೆ. ಯಾವ ಪಟ್ಟಿಗೆ ಇದು ಹಿಡಿಸೀತು?

ಹಾಗಾದರೆ ಅರ್ಥವನ್ನು ತೀರ್ಮಾನಿಸುವುದು ಹೇಗೆ? ಕೆನಡಾದ ಸಸ್ಕಾಚೆವಾನ್ ಪ್ರಾಂತದ ಒಂದು ಮೊಕದ್ದಮೆ ನನಗೆ ನೆನಪಾಗುತ್ತದೆ. 2021ರಲ್ಲಿ ಧಾನ್ಯದ ಕಂಪನಿಯೊಂದು ಒಬ್ಬ ರೈತನಿಂದ 87 ಟನ್ ಅಗಸೆ ಕೊಳ್ಳುವ ಕರಾರನ್ನು ಬರೆದು, ಅದರ ಫೋಟೊ ಕಳಿಸಿ, ಖಚಿತಪಡಿಸಿ ಎಂದು ಕೇಳಿತು. ರೈತ ಎತ್ತಿದ ಹೆಬ್ಬೆರಳಿನ ಚಿತ್ರ ಒತ್ತಿದ. ಮಾಲು ಕೊಡುವ ಹೊತ್ತಿಗೆ ಬೆಲೆ ಏರಿತ್ತು, ಅಗಸೆ ಬರಲಿಲ್ಲ. ಕೋರ್ಟಿನಲ್ಲಿ ಅವನು, ಕಾಗದ ತಲುಪಿತು ಎಂದಷ್ಟೇ ತನ್ನ ಅರ್ಥ, ಒಪ್ಪಿದೆ ಎಂದಲ್ಲ ಎಂದ. 2023ರ ಜೂನಿನಲ್ಲಿ ತೀರ್ಪು ಅವನ ವಿರುದ್ಧ ಬಂತು, 82 ಸಾವಿರ ಡಾಲರಿಗೂ ಮೇಲ್ಪಟ್ಟು ದಂಡ ತೆರಬೇಕಾಯಿತು. 2024ರ ಡಿಸೆಂಬರಿನಲ್ಲಿ ಮೇಲಿನ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಇಲ್ಲ ಎನಿಸಬಹುದು.

ಆದರೆ ಆ ತೀರ್ಪಿನಲ್ಲಿ ಎರಡು ಎಳೆಗಳಿವೆ. ನ್ಯಾಯಾಧೀಶರು ಡಿಕ್ಷನರಿ ಡಾಟ್ ಕಾಮ್ ತೆರೆದು ಆ ಚಿತ್ರದ ಅರ್ಥ ನೋಡಿದರು. ಹೌದು, ಎರಡು ವರ್ಷದ ನಂತರ ಅರ್ಥವಿಲ್ಲದ ಆರು-ಏಳಕ್ಕೆ ಹಾರ ಹಾಕಿದ್ದೂ ಇದೇ ನಿಘಂಟು. ಅಷ್ಟಕ್ಕೇ ನಿಂತಿದ್ದರೆ ನಾನು ಆ ತೀರ್ಪನ್ನು ಒಪ್ಪುತ್ತಿರಲಿಲ್ಲ. ಅವರು ಅಲ್ಲಿಗೆ ನಿಲ್ಲದೆ ಇನ್ನೊಂದನ್ನು ನೋಡಿದರು: ಇವರಿಬ್ಬರ ನಡುವೆ ಹಿಂದೆ ವ್ಯವಹಾರ ಹೇಗೆ ನಡೆಯುತ್ತಿತ್ತು? ಹಿಂದಿನ ಕರಾರುಗಳಿಗೆಲ್ಲ ಆತ ಮೊಬೈಲಿನಲ್ಲೇ ‘ಓಕೆ’, ‘ಹ್ಞೂಂ’, ‘ಚೆನ್ನಾಗಿದೆ’ ಎಂಬಂಥ ಒಂದೆರಡು ಮಾತಿನಲ್ಲಿ ಒಪ್ಪಿಗೆ ಕೊಟ್ಟಿದ್ದ, ಅಗಸೆಯನ್ನಲ್ಲದಿದ್ದರೂ ಬೇರೆ ಧಾನ್ಯವನ್ನು ಸರಿಯಾಗಿ ತಲುಪಿಸಿದ್ದ. ಇದು ಅರ್ಥ ಕಂಡುಹಿಡಿಯುವ ಸರಿಯಾದ ದಾರಿ. ಲೋಕ ಏನೆನ್ನುತ್ತದೆ ಎಂಬುದಲ್ಲ, ಈ ಇಬ್ಬರು ಪರಸ್ಪರ ಏನೆನ್ನುತ್ತಿದ್ದರು. ಇಷ್ಟು ಶ್ರಮವನ್ನು ಅಗಸೆಗೆ ತೆಗೆದುಕೊಳ್ಳುವವರು ಮಕ್ಕಳಿಗೆ ತೆಗೆದುಕೊಳ್ಳುವುದಿಲ್ಲ.

ನಮ್ಮ ಬೀದಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿದ್ದಾನೆ. ಅವನ ಗೆಳೆಯ ಶಾಲೆಯ ನಾಟಕಕ್ಕೆ ಮೀಸೆ ಹಚ್ಚಿಕೊಂಡ ಫೋಟೊವನ್ನು ತರಗತಿಯ ಗುಂಪಿಗೆ ಕಳಿಸಿದ. ಈ ಹುಡುಗ ಅದರ ಕೆಳಗೆ ಮೂರು ತಲೆಬುರುಡೆ ಹಾಕಿದ. ಗೆಳೆಯನ ತಾಯಿಯ ಮೊಬೈಲಿನಲ್ಲಿ ಆ ಎಚ್ಚರಿಕೆಯ ಪಟ್ಟಿ ಇತ್ತು. ಅದರಲ್ಲಿ ತಲೆಬುರುಡೆಯ ಮುಂದೆ ಕೊಲೆ ಬೆದರಿಕೆ ಎಂದಿತ್ತು. ಶಾಲೆಯಿಂದ ಕರೆ ಬಂತು. ಹುಡುಗನ ತಂದೆ ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಅಂಥ ಕೋಣೆಗಳಲ್ಲಿ ಮಾತಾಡಿ ಅಭ್ಯಾಸವಿಲ್ಲ. ‘ನೀವು ಮೇಷ್ಟ್ರಾಗಿದ್ದೋರು, ಸ್ವಲ್ಪ ಜೊತೇಲಿ ಬನ್ನಿ ಸಾರ್’ ಎಂದರು. ಹೋದೆ.

ಮೇಜಿನ ಮೇಲೆ ಪಟ್ಟಿಯನ್ನು ಪ್ರಿಂಟ್ ತೆಗೆದು ಇಟ್ಟಿದ್ದರು. ಹುಡುಗನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಅವನನ್ನು ಕೇಳಿದಿರಾ ಎಂದೆ. ಕೇಳುವುದೇನು, ಸ್ಪಷ್ಟವಾಗಿ ಕಾಣುತ್ತಿದೆಯಲ್ಲ ಎಂದರು. ಒಳಗೆ ಕರೆಸಿ ನಾನೇ ಕೇಳಿದೆ. ‘ನಗು ಬಂತು ಸಾರ್, ಅದಕ್ಕೆ’ ಎಂದ. ಬುರುಡೆ ಯಾಕಪ್ಪ? ‘ನಕ್ಕು ನಕ್ಕು ಸತ್ತೆ ಅಂತ.’ ಈ ಹುಡುಗರ ಲೋಕದಲ್ಲಿ ಬುರುಡೆಗೆ ಹೆಚ್ಚಾಗಿ ಇರುವ ಬಳಕೆ ಇದೇ. ಕೋಣೆಯಲ್ಲಿದ್ದ ನಾಲ್ಕೂ ಜನ ಹಿರಿಯರು ದಿನಾ ಆಡುವ ಮಾತು ಅದು. ಮಾಸ್ಟರ್ ಹಿರಣ್ಣಯ್ಯನವರ ನಾಟಕ ನೋಡಿ ಬಂದು ನಕ್ಕು ಸತ್ತೆವು ಎಂದವರೇ ನಾವೆಲ್ಲ. ಆಗ ಯಾರ ಮನೆಗೂ ಪೊಲೀಸರು ಬರಲಿಲ್ಲ. ಗೆಳೆಯನನ್ನೂ ಕರೆಸಿದರು. ಅವನು ಉತ್ತರವಾಗಿ ತಾನೂ ಎರಡು ಬುರುಡೆ ಕಳಿಸಿದ್ದನ್ನು ತೋರಿಸಿದ. ಅದು ಪ್ರಿಂಟಿನಲ್ಲಿ ಇರಲಿಲ್ಲ.

ಇಷ್ಟಾದರೂ ಪತ್ರ ಬರೆಸಿಕೊಳ್ಳದೆ ಬಿಡಲಿಲ್ಲ. ದೂರು ಬಂದ ಮೇಲೆ ಫೈಲಿನಲ್ಲಿ ಏನಾದರೂ ಇರಬೇಕಂತೆ. ‘ಬೆದರಿಕೆಯ ಚಿಹ್ನೆಯನ್ನು ಕಳಿಸಿದ್ದಕ್ಕೆ ಕ್ಷಮೆ ಕೋರುತ್ತೇನೆ’ ಎಂದು ಅವರು ಹೇಳಿದರು, ಹುಡುಗ ಬರೆದ. ಆ ‘ಬೆದರಿಕೆಯ’ ಎಂಬುದನ್ನು ತೆಗೆಯಿರಿ, ಅವನು ಬೆದರಿಸಿಲ್ಲವಲ್ಲ ಎಂದು ನಾನು ಎರಡು ಸಲ ಹೇಳಿದೆ. ಮಾದರಿ ಹಾಗೇ ಇದೆ ಸಾರ್ ಎಂದರು. ‘ಚಿಹ್ನೆ’ಗೆ ಹಕಾರ ಮೊದಲೋ ನಕಾರ ಮೊದಲೋ ಎಂದು ಹುಡುಗ ನನ್ನನ್ನು ಕೇಳಿದ. ಹೇಳಿಕೊಟ್ಟೆ. ತಂದೆ ಕೆಳಗೆ ಸಹಿ ಮಾಡಿದರು.

ಹುಡುಗರಿಬ್ಬರೂ ಈಗಲೂ ಒಂದೇ ಸೈಕಲ್ಲಿನಲ್ಲಿ ಟ್ಯೂಷನ್ನಿಗೆ ಹೋಗುತ್ತಾರೆ. ತರಗತಿಯ ಗುಂಪಿನಲ್ಲಿ ಏನು ಬಂದರೂ ಅವನು ‘ಓಕೆ’ ಎಂದಷ್ಟೇ ಹಾಕುತ್ತಾನೆ ಎಂದು ಅವರ ತಂದೆ ಮೊನ್ನೆ ಹೇಳಿದರು.